ದುಡ್ಡಿಗಿಂತ ಮೊದಲು ದಿನ ಕೇಳಿದೆ: 56ರಲ್ಲಿ ಕೆಲಸ ಹೋದಾಗ

2023ರ ಮೇ ತಿಂಗಳ ಕೊನೆಯಲ್ಲಿ ನನ್ನ ಹುದ್ದೆ ರದ್ದಾಯಿತು. ಆಗ ನನಗೆ 56. ಒಂದು ಉತ್ಪಾದನಾ ಕಂಪನಿಯಲ್ಲಿ ಸ್ಟೋರ್ಸ್ ಮತ್ತು ಪರ್ಚೇಸ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಅಲ್ಲಿಗೆ ಸೇರಿದ್ದು 2000ದ ಡಿಸೆಂಬರ್‌ನಲ್ಲಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಈ ವಯಸ್ಸಿನಲ್ಲಿ ಕೆಲಸ ಹೋದವರಿಗೆ ಧೈರ್ಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವ ಕಾಗದಕ್ಕೆ ಯಾವಾಗ ಸಹಿ ಹಾಕಿಸಿಕೊಳ್ಳಬೇಕು, ಯಾವ ಅರ್ಜಿ ಯಾವ ತಿಂಗಳು ಕೊಡಬೇಕು ಎಂದು ಹೇಳುವವರು ಸಿಗುವುದಿಲ್ಲ. ಧೈರ್ಯದ ಮಾತು ನನಗೂ ಬರುವುದಿಲ್ಲ, ಹಾಗಾಗಿ ಕಾಗದದ ವಿಷಯವನ್ನೇ ಬರೆಯುತ್ತೇನೆ.

ಕಂಪನಿ ಮುಂದಿಟ್ಟದ್ದು ಇಷ್ಟು: ನಾಳೆಯಿಂದ ಬರಬೇಕಾಗಿಲ್ಲ, ಮೂರು ತಿಂಗಳ ನೋಟಿಸ್ ಸಂಬಳ ಒಟ್ಟಿಗೆ ಕೊಡುತ್ತೇವೆ, ಮೇಲೆ ನಾವಾಗಿಯೇ ಕೊಡುವ ಒಂದು ತಿಂಗಳ ಸಂಬಳ ಎಕ್ಸ್‌ಗ್ರೇಷಿಯಾ, ರಾಜೀನಾಮೆ ಪತ್ರ ಇವತ್ತೇ ಕೊಡಿ. ಎಚ್‌ಆರ್‌ನ ಹುಡುಗಿಗೆ ನನ್ನ ಮಗಳ ವಯಸ್ಸು. ಪಾಪ, ಅವಳಿಗೇ ಕಷ್ಟವಾಗುತ್ತಿತ್ತು. "ಯೋಚನೆ ಮಾಡಿ ಹೇಳ್ತೀನಮ್ಮ" ಎಂದು ಎದ್ದು ಬಂದೆ. ಅಲ್ಲಿ ಕೂತಲ್ಲೇ ಸಹಿ ಹಾಕಬೇಕೆಂದು ಯಾವ ಕಾನೂನೂ ಇಲ್ಲ. ಪರ್ಚೇಸ್‌ನಲ್ಲಿ ಇಷ್ಟು ವರ್ಷ ಇದ್ದವನಿಗೆ ಇದೊಂದು ಅಭ್ಯಾಸವಾಗಿತ್ತು: ಎದುರಿನವರು ಅವಸರಪಡಿಸಿದರೆ ಅವಸರ ಅವರದ್ದು, ನಮ್ಮದಲ್ಲ.

ಮನೆಯಲ್ಲಿ ಹೆಂಡತಿಗೆ ಆ ರಾತ್ರಿಯೇ ಹೇಳಿದೆ. ಮೂರು ತಿಂಗಳು ಸುಮ್ಮನೆ ಬ್ಯಾಗ್ ಹಿಡಿದು ಹೊರಗೆ ಹೋಗಿ ಬರುತ್ತಿದ್ದವರ ಕತೆಗಳನ್ನು ಕೇಳಿದ್ದೇನೆ. ನನಗೆ ಆ ನಾಟಕ ಮಾಡುವ ಶಕ್ತಿ ಇರಲಿಲ್ಲ. ಅವಳು ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ. "ಅಮ್ಮನ ಇನ್ಶೂರೆನ್ಸ್ ಏನಾಗುತ್ತೆ?" ಎಂದಳು. ನನ್ನ ತಾಯಿ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿದ್ದರು, ನನಗೆ ಸಕ್ಕರೆ ಕಾಯಿಲೆ. ಕೊನೆಯ ಕೆಲಸದ ದಿನ ಮುಗಿದೊಡನೆ ಆ ವಿಮೆಯೂ ಮುಗಿಯುತ್ತದೆ. ಆ ಪ್ರಶ್ನೆಯಿಂದಲೇ ಉಳಿದ ಲೆಕ್ಕವೆಲ್ಲ ಹೊಳೆಯಿತು. ನನಗೆ ಬೇಕಾಗಿದ್ದದ್ದು ಹೆಚ್ಚು ದುಡ್ಡಲ್ಲ, ಹೆಚ್ಚು ದಿನ.

ಮರುದಿನ ಹೋಗಿ ಕೇಳಿದ್ದು ಹೀಗೆ: ನೋಟಿಸ್ ಸಂಬಳ ಒಟ್ಟಿಗೆ ಬೇಡ. ನೋಟಿಸ್ ಅವಧಿ ಪೂರ್ತಿ, ಆಗಸ್ಟ್ 31ರವರೆಗೆ, ನನ್ನನ್ನು ನೌಕರನಾಗಿಯೇ ಉಳಿಸಿಕೊಳ್ಳಿ. ಕೆಲಸ ಕೊಡಿ, ಕೊಡದೆ ಇರಿ, ನಾನು ಹಸ್ತಾಂತರದ ಪಟ್ಟಿ ಮಾಡಿಕೊಡುತ್ತೇನೆ. ಆ ಹುಡುಗಿಗೆ ಆಶ್ಚರ್ಯ. "ಎಲ್ಲರೂ ಬೇಗ ಬಿಡಿ ಅಂತಾರೆ ಸರ್" ಎಂದಳು. ಕಂಪನಿಗೆ ಸಂಬಳದ ಮೊತ್ತ ಅಷ್ಟೇ, ಮೇಲೆ ಪಿಎಫ್ ಪಾಲು ಮಾತ್ರ ಹೆಚ್ಚು. ಸ್ವಲ್ಪ ಎಳೆದಾಡಿ ಒಪ್ಪಿದರು.

ಈ ಮೂರು ತಿಂಗಳು ನನಗೆ ಏನು ಕೊಟ್ಟಿತು ಎಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಮೊದಲನೆಯದು ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊನೆಗೆ ಕೊಡುವ ಇಡುಗಂಟು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಸೂತ್ರ ಸರಳ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ತಿಂಗಳಿಗೆ 26 ಕೆಲಸದ ದಿನ, ಅದರಲ್ಲಿ 15 ದಿನದ ಸಂಬಳ ಎಂದು ಅರ್ಥ. ಸೇವೆಯ ಕೊನೆಯ ತುಂಡು ಆರು ತಿಂಗಳು ದಾಟಿದ್ದರೆ ಅದನ್ನು ಒಂದು ಪೂರ್ಣ ವರ್ಷವೆಂದು ಎಣಿಸಬೇಕು, ದಾಟದಿದ್ದರೆ ಬಿಟ್ಟುಬಿಡಬೇಕು. ನನ್ನ ಮೂಲ ವೇತನ 60,000. ಮೇ ತಿಂಗಳಲ್ಲೇ ಹೊರಬಿದ್ದಿದ್ದರೆ ಸೇವೆ 22 ವರ್ಷ 5 ತಿಂಗಳು ಚಿಲ್ಲರೆ, ಲೆಕ್ಕಕ್ಕೆ 22. ಆಗಸ್ಟ್ ಕೊನೆಗೆ 22 ವರ್ಷ 8 ತಿಂಗಳು, ಲೆಕ್ಕಕ್ಕೆ 23. ಒಂದು ವರ್ಷದ ಬೆಲೆ 34,615 ರೂಪಾಯಿ. ಒಟ್ಟು 7,96,154. ಫೈನಲ್ ಸೆಟಲ್‌ಮೆಂಟ್ ಹಾಳೆಯ ಕರಡು ಬಂದಾಗ ಅದರಲ್ಲಿ 22 ಎಂದೇ ಇತ್ತು. ಪೂರ್ಣಗೊಂಡ ವರ್ಷಗಳನ್ನಷ್ಟೇ ಕಂಪ್ಯೂಟರ್ ಎಣಿಸಿತ್ತು. ಕಾಯ್ದೆಯ 4(2)ನೇ ಸೆಕ್ಷನ್ ನಮೂದಿಸಿ ಎರಡು ಸಾಲಿನ ಇಮೇಲ್ ಬರೆದೆ, ಸರಿಮಾಡಿದರು. ಜಗಳವಿಲ್ಲ, ವಕೀಲರಿಲ್ಲ. ಒಳಗೆ ಇದ್ದಾಗ ಬರೆದ ಇಮೇಲ್‌ಗೆ ಉತ್ತರ ಬರುತ್ತದೆ. ಹೊರಗೆ ಬಂದ ಮೇಲೆ ಅದೇ ಮಾತು "ದೂರು" ಆಗುತ್ತದೆ.

ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಬರುವುದಿಲ್ಲ ಎಂದು ಇವತ್ತಿಗೂ ನಂಬಿದವರಿದ್ದಾರೆ. ಐದು ವರ್ಷದ ನಿರಂತರ ಸೇವೆ ಆಗಿದ್ದರೆ ರಾಜೀನಾಮೆಗೂ ಬರುತ್ತದೆ, ಬಾಕಿ ಬಿದ್ದ 30 ದಿನಗಳೊಳಗೆ ಕೊಡಬೇಕು, 20 ಲಕ್ಷದವರೆಗೆ ತೆರಿಗೆ ಇಲ್ಲ. ನನ್ನದು 2023ರ ಮಾತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ ಕೆಲಸ ಕಳೆದುಕೊಳ್ಳುವವರು ಒಂದು ವಿಷಯ ಗಮನಿಸಬೇಕು: ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದ್ದರೆ ಮೀರಿದ ಭಾಗವನ್ನೂ ವೇತನಕ್ಕೆ ಸೇರಿಸಬೇಕು. ಮೂಲ ವೇತನ ಕಡಿಮೆ, ಭತ್ಯೆ ಜಾಸ್ತಿ ಇಟ್ಟುಕೊಂಡು ಬಂದ ಕಂಪನಿಗಳಲ್ಲಿ ಗ್ರಾಚ್ಯುಟಿಯ ಅಂಕಿಯೇ ಬೇರೆಯಾಗುತ್ತದೆ.

ಎರಡನೆಯದು ರಾಜೀನಾಮೆ ಪತ್ರದ ಒಕ್ಕಣೆ. ಅವರು ಕೊಟ್ಟ ಮಾದರಿಯಲ್ಲಿ "ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ" ಎಂದಿತ್ತು. ನನ್ನ ವೈಯಕ್ತಿಕ ಕಾರಣ ಯಾವುದೂ ಇರಲಿಲ್ಲ. "ವಿಭಾಗದ ಪುನರ್ರಚನೆಯಲ್ಲಿ ನನ್ನ ಹುದ್ದೆ ರದ್ದಾದ ಕಾರಣ" ಎಂದು ಬರೆದುಕೊಟ್ಟೆ. ಎರಡು ಸಲ ವಾಪಸ್ ಬಂತು, ಆಮೇಲೆ ಸ್ವೀಕರಿಸಿದರು. ಕಾರ್ಖಾನೆಯ ಕಾರ್ಮಿಕರಿಗಾದರೆ ಇದು ಇನ್ನೂ ದೊಡ್ಡ ವಿಷಯ. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಪ್ರಕಾರ ಕೆಲಸದಿಂದ ತೆಗೆದರೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕಿತ್ತು, ಅದು ಗ್ರಾಚ್ಯುಟಿಯ ಮೇಲೆ. "ಸ್ವಇಚ್ಛೆ" ಎಂದು ಬರೆದುಕೊಟ್ಟವನು ಆ ಪರಿಹಾರ ಕೇಳಲು ಹೋದರೆ ಅವನ ಸಹಿಯನ್ನೇ ಅವನ ಮುಂದೆ ಹಿಡಿಯುತ್ತಾರೆ. ನಾನು ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು 10,000ಕ್ಕಿಂತ ಹೆಚ್ಚು ಸಂಬಳ ಪಡೆಯುತ್ತಿದ್ದವನು, ಆ ಕಾಯ್ದೆಯ ಕಾರ್ಮಿಕನ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ, ಆ ಪರಿಹಾರ ನನಗಿರಲಿಲ್ಲ. ಆದರೂ ಒಕ್ಕಣೆ ಮುಖ್ಯವಾಯಿತು. ಮುಂದೆ ಪ್ರತಿ ಸಂದರ್ಶನದಲ್ಲೂ "ಯಾಕೆ ಬಿಟ್ರಿ?" ಎಂದಾಗ ತೋರಿಸಲು ಒಂದು ಕಾಗದ ಇತ್ತು.

ಇನ್ನೊಂದು ಮಾತು. ಎಚ್‌ಆರ್‌ನವರು ಬಾಯಿಮಾತಿನಲ್ಲಿ ಇದನ್ನು ಸ್ವಯಂನಿವೃತ್ತಿ ಯೋಜನೆ, ಅಂದರೆ "ವಿಆರ್‌ಎಸ್" ಎನ್ನುತ್ತಿದ್ದರು. ವಿಆರ್‌ಎಸ್ ಮೊತ್ತಕ್ಕೆ ಐದು ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ, ನಿಜ. ಆದರೆ ಅದು ಆದಾಯ ತೆರಿಗೆ ನಿಯಮಾವಳಿಯ ಷರತ್ತುಗಳ ಪ್ರಕಾರ ರೂಪಿಸಿದ ಯೋಜನೆಯಾಗಿರಬೇಕು. ಒಬ್ಬನನ್ನು ಕರೆದು ಮಾತಾಡಿ ಕೊಡುವ ಎಕ್ಸ್‌ಗ್ರೇಷಿಯಾ ಸಂಬಳದ ಹಾಗೆಯೇ, ಪೂರ್ತಿ ತೆರಿಗೆಗೆ ಒಳಪಡುತ್ತದೆ. ನಾನು ಕೈಗೆ ಬರುವ ಮೊತ್ತವನ್ನು ತೆರಿಗೆ ಕಳೆದೇ ಬರೆದಿಟ್ಟುಕೊಂಡಿದ್ದೆ. ಉಳಿದ ರಜೆಯ ದುಡ್ಡಿಗೆ ಮಾತ್ರ ಅದೃಷ್ಟ ಚೆನ್ನಾಗಿತ್ತು. ಖಾಸಗಿ ನೌಕರರ ರಜೆ ನಗದೀಕರಣದ ವಿನಾಯಿತಿ ಮಿತಿ ಎಷ್ಟೋ ವರ್ಷ ಮೂರು ಲಕ್ಷದಲ್ಲೇ ನಿಂತಿತ್ತು. 2023ರ ಏಪ್ರಿಲ್ 1ರಿಂದ ಅದು 25 ಲಕ್ಷವಾಯಿತು. ಒಂದು ವರ್ಷ ಮೊದಲು ನನ್ನನ್ನು ಕಳಿಸಿದ್ದರೆ ಒಂದಷ್ಟು ತೆರಿಗೆ ಹೋಗುತ್ತಿತ್ತು.

ಈಗ ಪಿಎಫ್. ಇಲ್ಲೇ ಜನ ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು, ಇಲ್ಲೇ ಒಳಗಿದ್ದ ಮೂರು ತಿಂಗಳು ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು. ನಮ್ಮ ಹೆಸರುಗಳ ಇನಿಷಿಯಲ್ ಸಮಸ್ಯೆ ನಿಮಗೆ ಗೊತ್ತು. ಪಿಎಫ್ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಬಿಡಿಸಿ ಬರೆದದ್ದು, ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದೆ. ಇವು ಹೊಂದದಿದ್ದರೆ ಅರ್ಜಿ ತಿರಸ್ಕಾರ. ಸರಿಪಡಿಸಲು ಆಗ ಜಂಟಿ ಘೋಷಣೆ ಸಲ್ಲಿಸಬೇಕಿತ್ತು, ಅದಕ್ಕೆ ಕಂಪನಿಯೂ ಒಪ್ಪಿಗೆ ಹಾಕಬೇಕಿತ್ತು. ಜೂನ್‌ನಲ್ಲಿ ನಾನು ಪಿಎಫ್ ನೋಡಿಕೊಳ್ಳುವವರ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಇದನ್ನು ಮಾಡಿಸಿದೆ. ಅಷ್ಟು ವರ್ಷದ ಪರಿಚಯ, ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ ಅವರಿಗೆ.

ಅದಕ್ಕಿಂತ ತಮಾಷೆ ಎಂದರೆ ಮೊಬೈಲ್ ನಂಬರ್. ನನ್ನ ಸಿಮ್ ಕಂಪನಿಯ ಹೆಸರಿನಲ್ಲಿತ್ತು. ಹದಿನೈದು ವರ್ಷದಿಂದ ಅದೇ ನಂಬರ್. ಬ್ಯಾಂಕ್, ಆಧಾರ್, ಯುಎಎನ್ (ಪಿಎಫ್ ಸದಸ್ಯನ ಸಂಖ್ಯೆ), ಆದಾಯ ತೆರಿಗೆ, ಡಿಮ್ಯಾಟ್, ಗ್ಯಾಸ್ ಎಲ್ಲಕ್ಕೂ ಒಟಿಪಿ ಬರುವುದು ಅದಕ್ಕೇ. ಕೊನೆಯ ದಿನ ಲ್ಯಾಪ್‌ಟಾಪ್ ಜೊತೆ ಸಿಮ್ ವಾಪಸ್ ಕೊಟ್ಟಿದ್ದರೆ ನನ್ನ ದುಡ್ಡಿಗೆ ನಾನೇ ಹೊರಗಿನವನಾಗುತ್ತಿದ್ದೆ. ಕಂಪನಿಯಿಂದ ನಿರಾಕ್ಷೇಪಣಾ ಪತ್ರ ಪಡೆದು ನಂಬರನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಂಡೆ. ಈ ಪತ್ರಕ್ಕೆ ಅಧಿಕೃತ ಸಹಿದಾರರ ಸಹಿಯೂ ಮೊಹರೂ ಬೇಕು. ಹೊರಗೆ ಬಂದ ಮೇಲೆ ಅದನ್ನು ಯಾರ ಹತ್ತಿರ ಕೇಳುವುದು? ಸೆಕ್ಯುರಿಟಿ ಗೇಟಿನಲ್ಲಿ ನಿಂತು ಕೇಳಬೇಕು. ಹಾಗೆ ನಿಂತವರನ್ನು ನಾನೇ ನೋಡಿದ್ದೇನೆ.

ಪಿಎಫ್‌ನಲ್ಲಿ ಎರಡು ಪಾತ್ರೆಗಳಿವೆ, ಒಂದು ಭವಿಷ್ಯ ನಿಧಿ, ಇನ್ನೊಂದು ಪಿಂಚಣಿ. ಕಂಪನಿ ಕಟ್ಟುವ 12 ಶೇಕಡದಲ್ಲಿ 8.33 ಭಾಗ 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ, ಅದೂ 15,000 ರೂಪಾಯಿ ವೇತನದ ಮಿತಿಯೊಳಗೆ, ಅಂದರೆ ತಿಂಗಳಿಗೆ 1,250. ನನ್ನ ಪಾಸ್‌ಬುಕ್ ತೆಗೆದು ನೋಡಿದರೆ ಪಿಂಚಣಿ ಸೇವೆ 2000ದಿಂದ ಮಾತ್ರ ಕಾಣುತ್ತಿತ್ತು. ಅದಕ್ಕೆ ಮೊದಲು 1996ರಿಂದ ಇನ್ನೊಂದು ಕಾರ್ಖಾನೆಯಲ್ಲಿದ್ದೆ. ಅಲ್ಲಿಯ ಪಿಎಫ್ ದುಡ್ಡನ್ನು ಫಾರಂ 13 ಕೊಟ್ಟು ವರ್ಗ ಮಾಡಿಸಿದ್ದೆ, ದುಡ್ಡು ಬಂದಿತ್ತು. ಸೇವೆಯ ವರ್ಷಗಳು ಬಂದಿರಲಿಲ್ಲ. ಇದು ಬಹಳ ಜನರಿಗೆ ಆಗಿರುತ್ತದೆ, ಪಿಂಚಣಿಯ ವಯಸ್ಸಾದ 58 ತುಂಬುವವರೆಗೆ ತಿಳಿಯುವುದೇ ಇಲ್ಲ. ಹಳೆಯ ಪಿಎಫ್ ಕಚೇರಿಯಿಂದ ಹೊಸದಕ್ಕೆ ಹೋಗುವ ಅನೆಕ್ಷರ್ ಕೆ ಎಂಬ ಕಾಗದದಲ್ಲಿ ಸೇವೆಯ ವಿವರ ಇರುತ್ತದೆ. ಅದು ಹಳೆಯ ಕಡತದಲ್ಲಿ ಎಲ್ಲೋ ಇತ್ತು. ನಾಲ್ಕೂವರೆ ವರ್ಷಕ್ಕಾಗಿ ಇಷ್ಟೆಲ್ಲ ಯಾಕೆ ಎಂದು ಮಗಳು ಕೇಳಿದಳು. ಲೆಕ್ಕ ಹಾಕಿ ತೋರಿಸಿದೆ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸೇವೆಗೆ ವೇತನದ ಮಿತಿ 6,500. ಪಿಂಚಣಿಯ ಸೂತ್ರದಂತೆ ಅದನ್ನು ನಾಲ್ಕೂವರೆಯಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 418 ರೂಪಾಯಿ. ನನ್ನ ಪೂರ್ತಿ ಪಿಂಚಣಿಯೇ ನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಹತ್ತನೇ ಒಂದು ಭಾಗ ಆ ಕಾಗದದಲ್ಲಿತ್ತು. ಹಿಂದೆ ಬಿದ್ದೆ. ಮನವಿ, ಜ್ಞಾಪನೆ, ಆನ್‌ಲೈನ್ ದೂರು ಎಲ್ಲ ಆಗಿ ಸೇವೆ ಸೇರಿಕೊಳ್ಳುವಷ್ಟರಲ್ಲಿ ನನಗೆ 57 ಹತ್ತಿರ ಬಂದಿತ್ತು.

ಭವಿಷ್ಯ ನಿಧಿಯ ದುಡ್ಡನ್ನು ಕೆಲಸ ಹೋದ ತಕ್ಷಣ ಪೂರ್ತಿ ತೆಗೆದುಬಿಡುವುದು ನನಗೆ ಸರಿ ಕಾಣಲಿಲ್ಲ. ಆಗಿನ ನಿಯಮದಂತೆ ಒಂದು ತಿಂಗಳು ಕೆಲಸವಿಲ್ಲದಿದ್ದರೆ 75 ಶೇಕಡ, ಎರಡು ತಿಂಗಳಾದರೆ ಉಳಿದದ್ದು ತೆಗೆಯಬಹುದಿತ್ತು. (2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಪೂರ್ತಿ ತೆಗೆಯುವ ಅವಧಿಯನ್ನು ಎರಡು ತಿಂಗಳಿಂದ ಹನ್ನೆರಡಕ್ಕೆ ಏರಿಸುವ ತೀರ್ಮಾನ ಮಾಡಿತು.) ನಾನು ಮನೆ ಸಾಲ ತೀರಿಸುವಷ್ಟು ಮಾತ್ರ ತೆಗೆದೆ. ಸಾಲದ ಬಡ್ಡಿಗೂ ಪಿಎಫ್ ಬಡ್ಡಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ, ಗಣಿತ ನೋಡುವವರು ಬೇಡ ಎನ್ನಬಹುದು. ಸಂಬಳ ಇಲ್ಲದ ಮನೆಯಲ್ಲಿ ತಿಂಗಳ ಐದನೇ ತಾರೀಖು ಇಎಂಐ ಸಂದೇಶ ಬರುವುದು ಬೇಡ ಎಂದು ನನಗನ್ನಿಸಿತು. ಬದಲಾಗುವ ಬಡ್ಡಿದರದ ಮನೆ ಸಾಲಕ್ಕೆ ಅವಧಿಗೆ ಮುಂಚೆ ತೀರಿಸಿದರೂ ದಂಡ ಇಲ್ಲ. ಉಳಿದ ಪಿಎಫ್ ಅಲ್ಲೇ ಬಿಟ್ಟೆ. ಕೆಲಸ ಬಿಟ್ಟ ಮೇಲೂ 58 ತುಂಬುವವರೆಗೆ ಬಡ್ಡಿ ಬರುತ್ತದೆ, 2023-24ಕ್ಕೆ 8.25 ಶೇಕಡ ಬಂತು. ಒಂದೇ ವಿಷಯ, ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಕಟ್ಟಬೇಕು. ಇದನ್ನು ರಿಟರ್ನ್ಸ್‌ನಲ್ಲಿ ತೋರಿಸದವರೇ ಹೆಚ್ಚು.

55 ದಾಟಿದವರಿಗೆ ಸಿಗುವ ಇನ್ನೊಂದು ಬಾಗಿಲಿದೆ, ಅದು ಬೇಗ ಮುಚ್ಚುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ವರ್ಷ ಆಗಿರಬೇಕು ಎಂದೇ ಎಲ್ಲರೂ ತಿಳಿದಿರುವುದು. 55ರಿಂದ 60ರ ನಡುವೆ ಕೆಲಸದಿಂದ ನಿವೃತ್ತಿಯಾದವರೂ ತೆರೆಯಬಹುದು, ವಯೋನಿವೃತ್ತಿಯೇ ಆಗಿರಬೇಕೆಂದಿಲ್ಲ. ನಿವೃತ್ತಿಯ ಹಣ ಕೈಗೆ ಬಂದ ಒಂದು ತಿಂಗಳೊಳಗೆ ತೆರೆಯಬೇಕಿತ್ತು. 2023ರ ನವೆಂಬರ್‌ನಲ್ಲಿ ಅದನ್ನು ಮೂರು ತಿಂಗಳಿಗೆ ವಿಸ್ತರಿಸಿದರು. ನಾನು ಸೆಪ್ಟೆಂಬರ್‌ನಲ್ಲೇ ಹೋಗಿದ್ದೆ. ಕೌಂಟರಿನಲ್ಲಿದ್ದವರು ಆಧಾರ್ ನೋಡಿ "ನಿಮಗೆ ಇನ್ನೂ ಅರವತ್ತಾಗಿಲ್ಲವಲ್ಲ" ಎಂದರು. ಕಂಪನಿಯ ಪ್ರಮಾಣಪತ್ರ ಮುಂದಿಟ್ಟೆ. ಅದರಲ್ಲಿ ನನ್ನ ಹುದ್ದೆ, ಸೇವೆಯ ಅವಧಿ, ಹುದ್ದೆ ರದ್ದಾಗಿ ಸೇವೆ ಮುಗಿದದ್ದು, ಕೊಟ್ಟ ನಿವೃತ್ತಿ ಸೌಲಭ್ಯಗಳ ಮೊತ್ತ ಮತ್ತು ದಿನಾಂಕ ಇತ್ತು. ಈ ಪ್ರಮಾಣಪತ್ರದ ಕರಡನ್ನೂ ನಾನೇ ಬರೆದುಕೊಟ್ಟಿದ್ದೆ, ಎಚ್‌ಆರ್‌ಗೆ ಇಂಥದ್ದೊಂದು ಬೇಕಾಗುತ್ತದೆ ಎಂದೇ ಗೊತ್ತಿರಲಿಲ್ಲ. ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಕೇಳಿಕೊಂಡು ಬಂದು ಖಾತೆ ತೆರೆದರು. ಗ್ರಾಚ್ಯುಟಿ ಮತ್ತು ರಜೆಯ ದುಡ್ಡಿನಲ್ಲಿ ಹತ್ತು ಲಕ್ಷ ಇಟ್ಟೆ. 8.2 ಶೇಕಡ ಬಡ್ಡಿ, ಮೂರು ತಿಂಗಳಿಗೊಮ್ಮೆ 20,500 ರೂಪಾಯಿ. ಐದು ವರ್ಷ ಇದೇ ದರ. ಸಂಬಳಕ್ಕೆ ಹೋಲಿಸಿದರೆ ಏನೂ ಅಲ್ಲ. ಬರುವ ತಾರೀಖು ಗೊತ್ತಿರುವ ದುಡ್ಡು ಎಂಬುದಷ್ಟೇ ಅದರ ಗುಣ.

ವಿಮೆಯ ಕೆಲಸವನ್ನು ಜೂನ್‌ನಲ್ಲೇ ಶುರು ಮಾಡಿದ್ದೆ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶವಿದೆ. ಹಾಗೆ ಬಂದರೆ, ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯಲ್ಲಿ ಗುಂಪು ವಿಮೆಯಲ್ಲಿ ಕಳೆದ ವರ್ಷಗಳನ್ನು ಎಣಿಕೆಗೆ ತೆಗೆದುಕೊಳ್ಳುತ್ತಾರೆ. ಆಗ ಆ ಅವಧಿ ನಾಲ್ಕು ವರ್ಷದವರೆಗೂ ಇರುತ್ತಿತ್ತು, 2024ರ ಏಪ್ರಿಲ್‌ನಿಂದ ಗರಿಷ್ಠ ಮೂರು ವರ್ಷ. ಸಕ್ಕರೆ ಕಾಯಿಲೆ ಇರುವವನು ವಿಮೆ ನಿಂತು ಹೋದ ಮೇಲೆ ಹೊಸದಾಗಿ ಅರ್ಜಿ ಹಾಕಿದರೆ ಆ ಲೆಕ್ಕ ಮೊದಲಿಂದ ಶುರು. ನನಗೂ ಹೆಂಡತಿಗೂ ಸಿಕ್ಕಿತು, ಪ್ರೀಮಿಯಂ ನೋಡಿ ತಲೆ ತಿರುಗಿತು, ಅದರ ಮೇಲೆ 18 ಶೇಕಡ ಜಿಎಸ್‌ಟಿ ಬೇರೆ. (ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ.) ಅಮ್ಮನಿಗೆ ಸಿಗಲಿಲ್ಲ. ಅವರ ಹೆಸರಿನಲ್ಲಿ ಬೇರೆ ಠೇವಣಿ ಇಟ್ಟೆವು, ಆಸ್ಪತ್ರೆಗೆಂದೇ. ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಕೆಲಸ ಹುಡುಕಿದ್ದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅರ್ಜಿ ಹಾಕಿದೆ, ಕೆಲವರು ಕರೆದರು. ಒಬ್ಬರು "ನಿಮ್ಮ ಅನುಭವಕ್ಕೆ ತಕ್ಕ ಹುದ್ದೆ ನಮ್ಮಲ್ಲಿಲ್ಲ" ಎಂದರು. ಅದು "ನಿಮಗೆ ವಯಸ್ಸಾಗಿದೆ" ಎನ್ನುವುದಕ್ಕೆ ಮರ್ಯಾದೆಯ ಮಾತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಫೋನಿನಲ್ಲಿ ಇನ್ನೂರಕ್ಕೂ ಹೆಚ್ಚು ಸರಬರಾಜುದಾರರ ನಂಬರ್ ಇತ್ತು. ಬೋಲ್ಟು, ಬೇರಿಂಗು, ಪ್ಯಾಕಿಂಗ್ ರಟ್ಟು, ಬಣ್ಣ ತಯಾರಿಸುವ ಸಣ್ಣ ಘಟಕಗಳವರು. ಅವರಿಗೆ ಕೆಲಸ ಕೊಡಿ ಎಂದು ಕೇಳಲಿಲ್ಲ. ಕೆಲಸ ಬಿಟ್ಟಿದ್ದೇನೆ ಎಂದು ಫೋನ್ ಮಾಡಿ ತಿಳಿಸಿದೆ ಅಷ್ಟೇ. ಗಾಸಿಪ್‌ನಿಂದ ತಿಳಿಯುವುದಕ್ಕಿಂತ ನನ್ನ ಬಾಯಿಂದಲೇ ತಿಳಿಯಲಿ ಎಂದು.

ಮಾತಾಡುತ್ತಾ ಒಬ್ಬರು ತಮ್ಮ ಗೋದಾಮಿನ ಗೋಳು ಹೇಳಿಕೊಂಡರು: ಪುಸ್ತಕದಲ್ಲಿ ಇರುವ ಸರಕು ಕಪಾಟಿನಲ್ಲಿ ಇರುವುದಿಲ್ಲ, ಕಪಾಟಿನಲ್ಲಿ ಇರುವುದು ಪುಸ್ತಕದಲ್ಲಿಲ್ಲ. ಹೋಗಿ ನೋಡಿದೆ. ಮೂರು ವರ್ಷದಿಂದ ಅಲುಗಾಡದ ಸರಕಿನ ಮೇಲೆ ಧೂಳು ಕೂತಿತ್ತು, ದಿನಾ ಬೇಕಾಗುವುದು ಎರಡು ಸಲ ಮುಗಿದು ಮಷೀನ್ ನಿಂತಿತ್ತು. ಬೆಲೆಯ ಲೆಕ್ಕದಲ್ಲಿ ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಬೆಲೆಯ ಎ ಗುಂಪನ್ನು ವಾರಕ್ಕೊಮ್ಮೆ ಎಣಿಸುವ ಪದ್ಧತಿ ಹಾಕಿಕೊಟ್ಟೆ. ನಮ್ಮ ವೃತ್ತಿಯಲ್ಲಿ ಇದು ಮೊದಲ ಪಾಠ. ಸಣ್ಣ ಘಟಕದ ಮಾಲೀಕನಿಗೆ ಅದನ್ನು ಕೂತು ಮಾಡಿಕೊಡುವವರಿಲ್ಲ. ಅಲ್ಲಿಂದ ಇನ್ನೊಂದು ಕಡೆ, ಮತ್ತೊಂದು ಕಡೆ. ದಿನದ ಲೆಕ್ಕದಲ್ಲಿ ಶುಲ್ಕ, ವಾರಕ್ಕೆ ಮೂರ್ನಾಲ್ಕು ದಿನ ಕೆಲಸ. ಆದಾಯ ಹಿಂದಿನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಸಲಹೆಗಾರನಾಗಿ ಹೊರಟವನು ಮೊದಲು ಮಾಡಿಸಿದ್ದು ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಬಂದ ಮೇಲೆ ತಡ ಮಾಡಿ ವರ್ಷ ದಾಟಿಸಿದ ಕಂಪನಿಗೆ ಆ ವರ್ಷ ಆ ಖರ್ಚನ್ನು ತೋರಿಸಿಕೊಳ್ಳಲು ಆಗುವುದಿಲ್ಲ. ಮೇಜಿನ ಆ ಕಡೆ ಕೂತಿದ್ದಾಗ ಬಿಲ್ ಪಾಸ್ ಮಾಡಿ ಅಂತ ಬರುತ್ತಿದ್ದ ಫೋನ್‌ಗಳೆಲ್ಲ ಈಗ ನೆನಪಾಗುತ್ತವೆ. ಬಿಲ್‌ನ ಕೆಳಗೆ ಉದ್ಯಮ್ ನಂಬರ್ ಅಚ್ಚು ಹಾಕಿಸಿದ್ದೇನೆ, ಕೆಲಸ ಮಾಡುತ್ತದೆ. ವರ್ಷದ ಸೇವಾ ಆದಾಯ 20 ಲಕ್ಷ ದಾಟದವರಿಗೆ ಜಿಎಸ್‌ಟಿ ನೋಂದಣಿ ಬೇಡ. ಶುಲ್ಕ ಕೊಡುವವರು ಹತ್ತು ಶೇಕಡ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ, ರಿಟರ್ನ್ಸ್ ಹಾಕಿದಾಗ ಹೊಂದಿಸಿಕೊಳ್ಳಬಹುದು.

ಉಳಿದದ್ದು ಪಿಂಚಣಿ. 50 ದಾಟಿದವರು, ಕನಿಷ್ಠ ಹತ್ತು ವರ್ಷ ಸೇವೆ ಇದ್ದು ಕೆಲಸದಲ್ಲಿ ಇಲ್ಲದಿದ್ದರೆ, 58ಕ್ಕೆ ಕಾಯದೆ ಪಿಂಚಣಿ ಪಡೆಯಬಹುದು. ಪ್ರತಿ ವರ್ಷಕ್ಕೆ ನಾಲ್ಕು ಶೇಕಡ ಕಡಿಮೆಯಾಗುತ್ತದೆ, ಅದೂ ಕೊನೆಯವರೆಗೆ. "ಜೀವನಪೂರ್ತಿ ನಷ್ಟ, ಮುಟ್ಟಬೇಡ" ಎಂದು ಎಲ್ಲರೂ ಹೇಳಿದರು. ಲೆಕ್ಕ ಬೇರೆ ಹೇಳುತ್ತದೆ. ತಿಂಗಳಿಗೆ ನಾಲ್ಕು ಸಾವಿರ ಎಂದಿಟ್ಟುಕೊಳ್ಳಿ. ಒಂದು ವರ್ಷ ಮೊದಲೇ ಪಡೆದರೆ ತಿಂಗಳಿಗೆ 160 ರೂಪಾಯಿ ಕಡಿಮೆ, 3,840. ಆ ಒಂದು ವರ್ಷದಲ್ಲಿ ಕೈಗೆ ಬರುವುದು 46,080. ತಿಂಗಳಿಗೆ 160ರಂತೆ ಕಳೆದುಕೊಳ್ಳುತ್ತಾ ಹೋದರೆ ಆ ಮೊತ್ತ ಕರಗಲು 24 ವರ್ಷ ಬೇಕು. 58ರಿಂದ 24 ವರ್ಷ ಅಂದರೆ 82. ಬಡ್ಡಿ ಸೇರಿಸಿದರೆ ಇನ್ನೂ ಮುಂದೆ ಹೋಗುತ್ತದೆ. 58 ಆದರೂ ತೆಗೆದುಕೊಳ್ಳದೆ 60ರವರೆಗೆ ಕಾದರೆ ವರ್ಷಕ್ಕೆ ನಾಲ್ಕು ಶೇಕಡ ಹೆಚ್ಚು ಕೊಡುತ್ತಾರೆ, ಆ ಲೆಕ್ಕವೂ ಇಂಥದ್ದೇ. ಮತ್ತೆ ಪಿಎಫ್ ಇರುವ ನೌಕರಿಗೆ ಸೇರುವ ಯೋಚನೆ ಇದ್ದವರು ಮಾತ್ರ ಕಾಯುವುದು ಸರಿ, ಏಕೆಂದರೆ ಪಿಂಚಣಿ ಶುರುವಾದ ಮೇಲೆ ಸೇವೆ ಬೆಳೆಯುವುದಿಲ್ಲ. ನನಗೆ ಆ ಯೋಚನೆ ಮುಗಿದಿತ್ತು. 57 ತುಂಬಿದ ಮೇಲೆ ಫಾರಂ 10ಡಿ ಸಲ್ಲಿಸಿದೆ. ಪಿಂಚಣಿ ಆಜ್ಞೆಯ ಪ್ರತಿ ಬಂದಾಗ ಮೊದಲು ನೋಡಿದ್ದು ಮೊತ್ತವನ್ನಲ್ಲ, ಸೇವೆಯ ಕಾಲಂ. 1996 ಎಂದಿತ್ತು.